ಚೆನ್ನೈಯೋ ಬೆಂಗಳೂರೋ: ನಮ್ಮನೆ ವೋಟಿಂಗ್

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮೆಲ್ಲಗೆ ವಿಷಯ ತೆಗೆದ್ರು. "ಆಫೀಸಲ್ಲಿ ಮತ್ತೆ ಚೆನ್ನೈಗೆ ಹೋಗ್ತೀರಾ ಅಂತ ಕೇಳ್ತಿದ್ದಾರೆ. ತಿಂಗಳ ಕೊನೆಗೆ ಉತ್ತರ ಕೊಡ್ಬೇಕು." ನಾವು ಮಕ್ಕಳಿಬ್ಬರೂ, ಅಂದ್ರೆ ಇದನ್ನು ಬರೀತಿರೋ ಸೆಕೆಂಡ್ ಇಯರ್ ಪ್ರಾಣಿ ಮತ್ತು ಪಿಯುಸಿ ಓದ್ತಿರೋ ತಂಗಿ, ಒಟ್ಟಿಗೆ "ನೋ" ಅಂದ್ವಿ. ಅಜ್ಜಿ "ಅಲ್ಲಿನ ಮೇ ತಿಂಗಳು ನೆನಪಿದ್ಯಾ?" ಅಂದ್ರು. ಅಮ್ಮ ಏನೂ ಹೇಳ್ಲಿಲ್ಲ. ಕೊನೆಗೆ ಅಪ್ಪ, "ಎಲ್ಲರೂ ಯೋಚನೆ ಮಾಡಿ, ಮುಂದಿನ ಭಾನುವಾರ ವೋಟ್ ಹಾಕೋಣ" ಅಂದ್ರು.

ನಮ್ಮ ಕ್ಯಾಂಟೀನಲ್ಲೂ ಈ ಚರ್ಚೆ ಆಗಾಗ ನಡೆಯುತ್ತೆ. ಸೀನಿಯರ್ಸ್‌ಗೆ ಆಫರ್ ಬಂದ್ರೆ ಮೊದಲು ಕೇಳೋದೇ ಲೊಕೇಶನ್ ಯಾವುದು ಅಂತ. ಚೆನ್ನೈ ಅಂದ್ರೆ "ಅಯ್ಯೋ ಪಾಪ", ಬೆಂಗಳೂರು ಅಂದ್ರೆ "ಟ್ರೀಟ್ ಯಾವಾಗ?". ನಾವು 2012ರಿಂದ 2019ರವರೆಗೆ ಚೆನ್ನೈನ ವೇಳಚೇರಿಯಲ್ಲಿದ್ದವರು, ಆಮೇಲಿಂದ ಇಲ್ಲಿ. ಎರಡೂ ಊರು ಉಂಡವರು ಅನ್ನಬಹುದು.

ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸ್ತೀವಿ. ಹವಾಮಾನದಲ್ಲಿ ಬೆಂಗಳೂರೇ ಗೆಲ್ಲೋದು. ಇದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಚೆನ್ನೈ ಸಮುದ್ರದ ಪಕ್ಕದಲ್ಲೇ ಇದೆ. ಅಲ್ಲಿ ಮೇ ತಿಂಗಳಲ್ಲಿ ಗೀಸರ್ ಬೇಡ, ನಲ್ಲಿ ತಿರುಗಿಸಿದ್ರೆ ಟ್ಯಾಂಕಿನ ಬಿಸಿನೀರೇ ಬರ್ತಿತ್ತು. ಓಡಾಟದಲ್ಲಿ ಚೆನ್ನೈ ಗೆಲ್ಲುತ್ತೆ. ನಮ್ಮ ಮೆಟ್ರೋ 2011ರಲ್ಲೇ ಶುರುವಾಯ್ತು, ಅವರದ್ದು 2015ರಲ್ಲಿ. ಆದ್ರೆ ಬೀಚ್ ಸ್ಟೇಷನ್ನಿಂದ ತಾಂಬರಂವರೆಗೆ ಅವರಿಗೆ 1931ರಿಂದಲೇ ಎಲೆಕ್ಟ್ರಿಕ್ ಲೋಕಲ್ ಟ್ರೈನ್ ಇದೆ. ಊಟದಲ್ಲಿ ಟೈ. ಚೆನ್ನೈಯವರು ಹೆಮ್ಮೆ ಪಡೋ ವುಡ್‌ಲ್ಯಾಂಡ್ಸ್ ಹೋಟೆಲ್ ಕಟ್ಟಿದ್ದೇ ಉಡುಪಿ ಕಡೆಯಿಂದ ಹೋದ ಕೃಷ್ಣರಾಯರು, ಹಾಗಾಗಿ ಅರ್ಧ ಪಾಯಿಂಟ್ ನಮಗೂ ಸೇರ್ಬೇಕು.

ಇನ್ನು ನೀರಿನ ವಿಷಯ. 2015ರ ಡಿಸೆಂಬರ್ ಮೊದಲ ವಾರ ಚೆನ್ನೈ ಮುಳುಗಿದಾಗ ನಾವು ಮೊದಲನೇ ಮಹಡಿಯಲ್ಲಿದ್ವಿ. ಕೆಳಗಿನ ಮನೆಗೆ ನೀರು ನುಗ್ಗಿತು. ಆ ಮನೆಯ ಅಂಕಲ್, ಆಂಟಿ, ಅವರ ಮಗ, ಪಾಟಿ (ಅಜ್ಜಿಗೆ ತಮಿಳಲ್ಲಿ ಹಾಗಂತಾರೆ) ನಾಲ್ಕೂ ಜನ ಮೇಲೆ ಬಂದ್ರು. ಮೂರು ದಿನ ಕರೆಂಟಿಲ್ಲ, ಫೋನಿಲ್ಲ, ಎರಡು ರೂಮಿನ ಮನೆಯಲ್ಲಿ ಒಂಬತ್ತು ಜನ. ಅಮ್ಮ ಮಾಡಿದ ಸಾರಲ್ಲಿ ಬೆಲ್ಲ ಇದೆ ಅಂತ ಪಾಟಿ ಮುಖ ಕಿವುಚಿದ್ರು, ಎರಡನೇ ಸಲ ಬಡಿಸ್ಕೊಂಡ್ರು. ನಮ್ಮಜ್ಜಿಗೆ ತಮಿಳು ಬರ್ತಿರ್ಲಿಲ್ಲ, ಪಾಟಿಗೆ ಕನ್ನಡ ಬರ್ತಿರ್ಲಿಲ್ಲ. ಕತ್ತಲಲ್ಲಿ ಕೂತು ಇಬ್ಬರೂ ಮಧ್ಯರಾತ್ರಿವರೆಗೆ ಮಾತಾಡಿದ್ರು.

ಮುಂದಿನ ವರ್ಷ ಸೆಪ್ಟೆಂಬರಲ್ಲಿ ಕಾವೇರಿ ಗಲಾಟೆ. ಬೆಂಗಳೂರಲ್ಲಿ ತಮಿಳುನಾಡು ನಂಬರಿನ ಬಸ್‌ಗಳಿಗೆ ಬೆಂಕಿ ಹಚ್ಚಿದ್ರು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿ ಆಯ್ತು. "ರಸ್ತೇಲಿ ಕನ್ನಡ ಮಾತಾಡ್ಬೇಡಿ" ಅಂತ ಅಮ್ಮ ನಮಗೆ ಹೇಳಿಕೊಟ್ಟ ವಾರ ಅದು. ಆ ಸಂಜೆ ಪಾಟಿ ಮಂಡಿನೋವಲ್ಲೂ ಮೆಟ್ಟಿಲು ಹತ್ತಿ ಬಂದ್ರು. ಗಲಾಟೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ನಮ್ಮ ಹಾಲಲ್ಲಿ ಕೂತು ಒಂಬತ್ತು ಗಂಟೆವರೆಗೆ ಸೀರಿಯಲ್ ನೋಡಿ ಹೋದ್ರು. ಮಾರನೇ ದಿನವೂ ಬಂದ್ರು. ಯಾಕೆ ಬರ್ತಿದ್ರು ಅಂತ ನಮಗೆ ಅರ್ಥ ಆಗಿದ್ದು ದೊಡ್ಡವರಾದ ಮೇಲೆ.

ಕಾಲೇಜಲ್ಲಿ ಒಂದು ಸೆಮಿನಾರ್‌ಗೆ ಓದುವಾಗ ಇನ್ನೊಂದು ಗೊತ್ತಾಯ್ತು. ಬೆಂಗಳೂರಿಗೆ ಕಾವೇರಿ ಬರೋದು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಆಗಿ. ಚೆನ್ನೈಗೆ 2004ರಿಂದ ವೀರಾಣಂ ಕೆರೆಯಿಂದ ಪೈಪಲ್ಲಿ ನೀರು ಬರುತ್ತೆ, ಆ ಕೆರೆಗೆ ಬರೋದೂ ಕಾವೇರಿಯೇ. ಜಗಳ ಆಡೋ ಎರಡು ಊರಿನ ನಲ್ಲಿಯಲ್ಲೂ ಒಂದೇ ನದಿ!

2019ರ ಬೇಸಿಗೆಯಲ್ಲಿ ಚೆನ್ನೈನ ನಾಲ್ಕು ದೊಡ್ಡ ಕೆರೆಗಳೂ ಹೆಚ್ಚುಕಮ್ಮಿ ಬತ್ತಿದ್ವು. ಬೆಳಗಿನ ಜಾವ ನೀರಿನ ಲಾರಿ ಬಂದ್ರೆ ಬೀದಿ ತುಂಬಾ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆ. ಯಾವ ಬಿಂದಿಗೆ ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಆ ಜೂನಲ್ಲೇ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ಬೆಂಗಳೂರಿಗೆ ಬಂದ್ವಿ. ಸದ್ಯ, ನಮ್ಮೂರಿಗೆ ಬಂದ್ವಿ ಅನ್ಕೊಂಡ್ವಿ.

2024ರ ಮಾರ್ಚಲ್ಲಿ ಇಲ್ಲೂ ಬೋರ್‌ವೆಲ್ ಬತ್ತಿತು. ಅಪಾರ್ಟ್‌ಮೆಂಟಿಗೆ ಟ್ಯಾಂಕರ್, ದಿನಕ್ಕೆ ಎರಡೇ ಹೊತ್ತು ನೀರು. ವಾಟ್ಸಾಪ್ ಗ್ರೂಪಲ್ಲಿ ಇಂಗ್ಲಿಷಲ್ಲೇ ಜಗಳ. ಐದು ವರ್ಷ ಆದ್ರೂ ಅಲ್ಲಿದ್ದವರು ನಮಗೆ ಬರೀ ಫ್ಲಾಟ್ ನಂಬರ್. ಒಂದು ದಿನ ಟ್ಯಾಂಕರ್ ಹತ್ರ ಮೇಲಿನ ಮನೆ ಆಂಟಿ ಫೋನಲ್ಲಿ "ತಣ್ಣಿ ವರಲೆ" ಅಂದಿದ್ದು ಕೇಳಿ ಅಮ್ಮ ಖುಷಿಯಿಂದ ತಮಿಳಲ್ಲೇ ಮಾತಾಡಿಸಿದ್ರು. ಅವರು ಕೊಯಮತ್ತೂರಿನವರು, ಬಂದು ನಾಲ್ಕು ವರ್ಷವಾಗಿತ್ತಂತೆ. ಅವರು ಹೇಳಿದ ಮಾತು ಇಷ್ಟು: "ಕನ್ನಡ ಕಲೀಬೇಕು ಅಂತ ಆಸೆ. ಆದ್ರೆ ನಾನು ಕನ್ನಡದಲ್ಲಿ ಶುರು ಮಾಡಿದ್ರೂ ಎಲ್ಲರೂ ಇಂಗ್ಲಿಷಲ್ಲೇ ಉತ್ತರ ಕೊಡ್ತಾರೆ."

ನಾವು ತಲೆ ತಗ್ಗಿಸಿದ್ವಿ. ಲಿಫ್ಟಲ್ಲಿ ಅವರು "ಊಟ ಆಯ್ತಾ?" ಅಂತ ಕೇಳಿದಾಗ "ಎಸ್ ಆಂಟಿ" ಅಂದಿದ್ದು ನಾವೇ.

ಚೆನ್ನೈಯಲ್ಲಿ ನಮಗೆ ಮೂರು ತಿಂಗಳಲ್ಲಿ ತಮಿಳು ಬಂತು. ತರಕಾರಿ ಅಮ್ಮ ನಮಗೋಸ್ಕರ ಭಾಷೆ ಬದಲಾಯಿಸ್ಲೇ ಇಲ್ಲ. ಅರ್ಥ ಆಗ್ಲಿಲ್ಲ ಅಂದ್ರೆ ಅದನ್ನೇ ನಿಧಾನವಾಗಿ ಇನ್ನೊಂದ್ಸಲ ಹೇಳೋರು. ಆಗ ಅದು ಜಂಭ ಅನ್ನಿಸ್ತಿತ್ತು. ಈಗ ಅನ್ನಿಸೋದು, ನಮ್ಮನ್ನು ಒಳಗೆ ಕರೆದುಕೊಂಡಿದ್ದೇ ಆ ನಿಧಾನದ ಎರಡನೇ ಸಲ. ಬೆಂಗಳೂರು ಬಂದವರನ್ನೆಲ್ಲ ಒಳ್ಳೇ ಮನಸ್ಸಿಂದಲೇ ಇಟ್ಕೊಳ್ಳುತ್ತೆ, ಏನೂ ಕೇಳಲ್ಲ. ಏನೂ ಕೇಳದೇ ಇರೋದ್ರಿಂದ ಬಂದವರು ಎಷ್ಟು ವರ್ಷವಾದ್ರೂ ಬಾಗಿಲಲ್ಲೇ ನಿಂತಿರ್ತಾರೆ. ಕನ್ನಡದವರಾದ ನಾವೂ ಇಲ್ಲಿ ಅವರ ಪಕ್ಕದಲ್ಲೇ ನಿಂತಿದ್ವಿ.

ವೋಟಿಂಗ್ ದಿನ ಬಂತು. ಅಪ್ಪ, ಅಮ್ಮ ಚೆನ್ನೈ. ನಾವಿಬ್ಬರೂ ಬೆಂಗಳೂರು. ಎಲ್ಲರೂ ಅಜ್ಜಿ ಕಡೆ ನೋಡಿದ್ವಿ, ಮೇ ತಿಂಗಳು ನಮ್ಮ ಕಡೆಗಿದೆ ಅನ್ನೋ ಧೈರ್ಯ ಇತ್ತು. ಅಜ್ಜಿ ಅಪ್ಪನಿಗೆ ಹೇಳಿದ್ರು: "ಪಾಟಿ ಮನೆ ಹತ್ರ ಯಾವುದಾದ್ರೂ ಖಾಲಿ ಇದ್ಯಾ ಕೇಳು. ಕೆಳಗಿಂದೇ ಇರ್ಲಿ, ಈಗ ನಂಗೂ ಮಂಡಿನೋವು."

3-2. ನಾವು ಸೋತ್ವಿ. ತಂಗಿಯ ಪರೀಕ್ಷೆ ಮುಗಿದ ಮೇಲೆ ಅವರು ನಾಲ್ಕು ಜನ ಚೆನ್ನೈಗೆ, ನಮ್ಮಿಬ್ಬರಲ್ಲಿ ಒಬ್ಬರಿಗೆ ಹಾಸ್ಟೆಲ್. ಅಲ್ಲೀವರೆಗೆ ಪ್ರತಿ ಶನಿವಾರ ಅಜ್ಜಿ ಮೇಲಿನ ಮನೆ ಆಂಟಿಗೆ ಕನ್ನಡ ಪಾಠ ಮಾಡ್ತಾರೆ. ಹಾಲಿನವನ ಹತ್ರ ಜಗಳ ಆಡೋಷ್ಟು ಕನ್ನಡ ಬರ್ಬೇಕು ಅನ್ನೋದು ಟಾರ್ಗೆಟ್ಟು. ಪಾಠದ ಹೊತ್ತಲ್ಲಿ ನಮಗೆ ಇಂಗ್ಲಿಷ್ ನಿಷೇಧ. ಮಹಾಪ್ರಾಣ ಎಲ್ಲಿ ಬರುತ್ತೆ ಅಂತ ಈಗ ನಾವೂ ಅಲ್ಲೇ ಕಲೀತಿದ್ದೀವಿ, ಈ ಲೇಖನದ ತಪ್ಪುಗಳನ್ನೂ ಅಜ್ಜಿಯೇ ತಿದ್ದಿದ್ದು.

ಹಾಸ್ಟೆಲಲ್ಲಿ ಯಾರ ರೂಮಲ್ಲಾದ್ರೂ ಒಂದು ಮಂಚ ಖಾಲಿ ಆಗೋದಿದ್ರೆ ತಿಳಿಸಿ. ಕನ್ನಡ ಬರದೇ ಇರೋ ರೂಮ್‌ಮೇಟ್ ಆದ್ರೂ ಪರವಾಗಿಲ್ಲ, ನಿಧಾನವಾಗಿ ಇನ್ನೊಂದ್ಸಲ ಹೇಳ್ತೀವಿ.