ಏಳುವುದನ್ನು ಕಲಿಸಿದವರು

ಮಗಳು ಖೋ ಖೋ ತಂಡ ಸೇರಿದಾಗ ನಮಗೆ ಅಷ್ಟೇನೂ ಸಂತೋಷವಾಗಿರಲಿಲ್ಲ. ಅಭ್ಯಾಸ ಮುಗಿಸಿ ಕೊಳ್ಳೇಗಾಲದಿಂದ ಬಸ್ಸು ಹಿಡಿದು ಯಳಂದೂರಿನ ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರುತ್ತಿತ್ತು. ಮೂರು ವಾರವಾದರೂ ತರಬೇತುದಾರರು ಅವಳನ್ನು ಓಡಲು ಬಿಟ್ಟಿರಲಿಲ್ಲವಂತೆ. ಚೌಕದಲ್ಲಿ ಕೂರಿಸುವುದು, ಎಬ್ಬಿಸುವುದು, ಇಷ್ಟೇ. ಬಿಡಿಸಿಬಿಡುವುದೆಂದು ನಿಶ್ಚಯಿಸಿಯೇ ಒಂದು ಸಂಜೆ ಮೈದಾನಕ್ಕೆ ಹೋದೆವು.

ಅವರು ವಾದಕ್ಕಿಳಿಯಲಿಲ್ಲ. "ಸ್ವಾಮಿ, ಸ್ವಲ್ಪ ಹೊತ್ತು ನೋಡಿ" ಎಂದರು, ಅಷ್ಟೆ. ಈ ಆಟದಲ್ಲಿ ಬೆನ್ನ ಹಿಂದಿನಿಂದ ಮುಟ್ಟಿ 'ಖೋ' ಎಂದೊಡನೆ ಎದ್ದವಳು ಒಮ್ಮೆ ಹಿಡಿದ ದಿಕ್ಕನ್ನು ಕಂಬ ತಲಪುವವರೆಗೆ ಬದಲಿಸುವಂತಿಲ್ಲ. ಭುಜ ಹಿಂದಕ್ಕೆ ತಿರುಗಿದರೂ ತಪ್ಪೇ. ನಮ್ಮವಳು ಮೊದಲು ನೆಟ್ಟಗೆ ನಿಂತು, ಬಳಿಕ ಓಡುತ್ತಿದ್ದಳು. ಅಷ್ಟರಲ್ಲಿ ಎದುರಾಳಿ ಎರಡು ಹೆಜ್ಜೆ ದಾಟಿರುತ್ತಿದ್ದಳು. ಬಾಗಿದಂತೆಯೇ ಹಿಂಗಾಲನ್ನೊತ್ತಿ ಚಿಮ್ಮುವುದನ್ನು ಅವರು ತಿದ್ದಿ ತಿದ್ದಿ ಕಲಿಸುತ್ತಿದ್ದರು. ಹದಿಮೂರು ವರ್ಷ ಸಾಕಿದ ನಾವು ಅವಳು ಏಳುವ ರೀತಿಯನ್ನು ಒಮ್ಮೆಯೂ ಗಮನಿಸಿರಲಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಮಣಿಸಿದರು. ಆ ತಂಡದ ಬಿ. ಚೈತ್ರಾ ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಕೆಯನ್ನೂ ಯಾರೋ ಹೀಗೆಯೇ ಕೂರಿಸಿ ಎಬ್ಬಿಸಿರಬೇಕು ಎಂದುಕೊಂಡು, ಬಿಡಿಸುವ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಮುಂದೆ ಹನೂರಿನ ಪಂದ್ಯದಲ್ಲಿ ತಂಡ ಸೋತಿತು. ಮಗಳು ಇಬ್ಬರನ್ನು ಮುಟ್ಟಿದ್ದಳು. ಶಹಭಾಸ್ ಎನ್ನುವರೆಂದು ಕಾದೆವು; "ಎಡಗಾಲು ಇನ್ನೂ ತಡವಮ್ಮ" ಎಂದರು ಅವರು. ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಆ ಕಾಲನ್ನೇ ನೋಡಿಕೊಳ್ಳುತ್ತ ಕುಳಿತಿದ್ದಳು.