ಅಜ್ಜನ ಕಾಗದದ ಲೆಕ್ಕ

ಮಿತವ್ಯಯಕ್ಕೂ ಜಿಪುಣತನಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಸಂಪಾಜೆಯ ಆ ತೋಟದ ಮನೆಯ ಅಜ್ಜನನ್ನು ನೆಂಟರು ಜಿಪುಣರೆಂದೇ ತಿಳಿದಿದ್ದರು. ಬಂದ ಲಕೋಟೆಯನ್ನು ಬಿಡಿಸಿ, ಒಳಮಗ್ಗುಲನ್ನು ಹೊರಗೆ ಮಾಡಿ ಮತ್ತೆ ಅಂಟಿಸುವುದು, ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಅಡಿಕೆಯ ಲೆಕ್ಕ ಬರೆಯುವುದು ಅವರ ಪರಿಪಾಠ.

ಮೊಮ್ಮಗಳ ಮದುವೆ ನಿಶ್ಚಯವಾಯಿತು. ಬೆಂಗಳೂರಿನಿಂದ ಅವಳು ತಂದ ಮಾದರಿ ಪತ್ರಿಕೆಗೆ ಎರಡೂ ಮಗ್ಗುಲು ಪ್ಲಾಸ್ಟಿಕ್ ಹೊದಿಕೆ. ಅಜ್ಜ ಅದರ ಬೆನ್ನಿಗೆ ಒಂದು ಗೆರೆ ಎಳೆದು ನೋಡಿದರು.

“ಶಾಯಿ ಹಿಡಿಯುವುದಿಲ್ಲವಲ್ಲ ಮಗಾ.”

“ನನ್ನ ಮದುವೆಗೂ ನಿಮ್ಮ ಲೆಕ್ಕವೇ, ಅಜ್ಜ?” ಅವಳ ಕಣ್ಣು ತುಂಬಿತು.

ಅಜ್ಜ ಅವಳನ್ನು ಹತ್ತಿರ ಕೂರಿಸಿಕೊಂಡರು. 1950ರ ದಶಕದಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಲಾರಿಗಟ್ಟಲೆ ಸಾಗಿದ್ದನ್ನು ಹೇಳಿದರು. ಭದ್ರಾವತಿಯ ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡಿದ್ದನ್ನು ಹೇಳಿದರು.

“ಹಳೆಯ ಕಾಗದವನ್ನು ನೀರಿನಲ್ಲಿ ಕದಡಿದರೆ ಆ ನಾರೇ ಮತ್ತೆ ಕಾಗದವಾಗುತ್ತದೆ. ಪ್ರತಿ ಸಲವೂ ನಾರು ತುಸು ಗಿಡ್ಡವಾಗುತ್ತದೆ. ಆದರೂ ಅದಕ್ಕೆ ಹಲವು ಜನ್ಮಗಳುಂಟು. ಪ್ಲಾಸ್ಟಿಕ್ ಹೊದಿಸಿದರೆ ಸುಲಭವಾಗಿ ಕದಡದು. ಬಹುಮಟ್ಟಿಗೆ ಅದೇ ಕೊನೆಯ ಜನ್ಮ.”

ಅವಳು ಮಾತನಾಡಲಿಲ್ಲ. ವಾರ ಕಳೆದು ಅಚ್ಚಾಗಿ ಬಂದ ಪತ್ರಿಕೆ ಬರಿಯ ಕಾಗದದ್ದು, ಬೆನ್ನು ಖಾಲಿ.

ಆ ವರ್ಷದ ಅಡಿಕೆಯ ಲೆಕ್ಕವನ್ನು ಅಜ್ಜ ಅದರಲ್ಲೇ ಬರೆದು ಮುಗಿಸಿದರು. ಹಳದಿ ಎಲೆ ರೋಗ ಹೊಕ್ಕ ತೋಟಕ್ಕೆ ಅಷ್ಟು ಕಾಗದ ಧಾರಾಳವಾಗಿತ್ತು.