ಸಿಂಹದ ಬಾಯಿಯೊಳಗೆ ಕಟರ್

ಹೊನವಾಡದಿಂದ ತಿಕೋಟಾ ದಾಟಿ ವಿಜಯಪುರಕ್ಕೆ ಬಂದರೆ, ಊರಿನ ಪಶ್ಚಿಮದ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ನೋಡಲು ಬಂದವರು ತೂಕ ಕೇಳಿ ಬೆರಗಾಗುತ್ತಾರೆ. ಮಿಲ್ಲಿಂಗ್ ಬಲ್ಲವರ ಕಣ್ಣು ಹೋಗುವುದು ಅದರ ಬಾಯಿಗೆ: ತೆರೆದ ಸಿಂಹದ ದವಡೆ, ಕೋರೆಹಲ್ಲು, ಹಲ್ಲುಗಳ ನಡುವೆ ನಲುಗುವ ಆನೆ. ಇವತ್ತು ಗಟ್ಟಿ ಲೋಹದ ದಿಮ್ಮಿಯಿಂದ ಆ ಬಾಯಿಯನ್ನು ಕೊರೆಯಬೇಕೆಂದರೆ ಮೂರು ಅಕ್ಷದ ಮೆಷಿನ್ ಕೈಚೆಲ್ಲುತ್ತದೆ. ಹಲ್ಲಿನ ಹಿಂಬದಿಗೆ ಕಟರ್ ಓರೆಯಾಗಿ ನುಗ್ಗಬೇಕು, ನುಗ್ಗುವಾಗ ಹೋಲ್ಡರ್ ಮೇಲ್ದವಡೆಗೆ ತಾಗಕೂಡದು. ಎಂಜಿನ್ನಿನ ಬ್ಲಿಸ್ಕ್, ಪಂಪಿನ ಇಂಪೆಲ್ಲರ್, ವಿಮಾನದ ಆಳವಾದ ಪಾಕೆಟ್‌ಗಳ ಬ್ರಾಕೆಟ್, ಎಲ್ಲವೂ ಈ ಬಾಯಿಯ ಒಡಹುಟ್ಟುಗಳೇ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಬಂದ ಮೇಲೆ ವಿಮಾನದ ಬಿಡಿಭಾಗ ನಮ್ಮ ಉತ್ತರ ಕರ್ನಾಟಕಕ್ಕೂ ಮನೆಕೆಲಸದಷ್ಟು ಹತ್ತಿರವಾಗಿದೆ. ಹಾಗಾಗಿ ಫೈವ್ ಆಕ್ಸಿಸ್ ಮೆಷಿನ್ನಿಗೆ ಯಾವ ಕ್ಯಾಮ್ ಸಾಫ್ಟ್‌ವೇರ್ ಕೊಳ್ಳಬೇಕು ಎಂಬ ಪ್ರಶ್ನೆಯೂ ನಮ್ಮದೇ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಒಂದೇ: ಸಾಫ್ಟ್‌ವೇರ್ ಬರೆದ ಟೂಲ್‌ಪಾತನ್ನು, ಅಂದರೆ ಕಟರ್ ಸಾಗುವ ದಾರಿಯನ್ನು, ಮೆಷಿನ್ನಿನ ಕೋಡಿಗೆ ಇಳಿಸುವ ಪೋಸ್ಟ್ ಪ್ರೊಸೆಸರ್ ನೋಡಿ ಕೊಳ್ಳಬೇಕು.

ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಟೂಲ್‌ಪಾತ್‌ಗಳ ಪಟ್ಟಿ. ಯಾವುದರಲ್ಲಿ ಎಷ್ಟು ಬಗೆಯ ರಫಿಂಗ್, ಎಷ್ಟು ಬಗೆಯ ಫಿನಿಶಿಂಗ್ ಎಂದು ಎಣಿಸುತ್ತಾರೆ. ಆ ಎಣಿಕೆಯಿಂದ ತಿಳಿಯುವುದು ಕಡಿಮೆ. ಜರ್ಮನಿಯ ಆಕೆನ್ ನಗರದ ಮಾಡ್ಯೂಲ್‌ವರ್ಕ್ಸ್ ಎಂಬ ಕಂಪನಿ ಫೈವ್ ಆಕ್ಸಿಸ್ ಟೂಲ್‌ಪಾತ್ ಮತ್ತು ಸಿಮ್ಯುಲೇಶನ್ನಿನ ತಿರುಳನ್ನು ಹಲವು ಕ್ಯಾಮ್ ಕಂಪನಿಗಳಿಗೆ ಮಾರುತ್ತದೆ. ಒಂದೇ ಗಿರಣಿಯ ಹಿಟ್ಟು, ಚೀಲ ಮಾತ್ರ ಬೇರೆ. ತಮ್ಮದೇ ಲೆಕ್ಕ ಕಟ್ಟಿಕೊಂಡವರೂ ಇದ್ದಾರೆ, ಅವರಲ್ಲಿ ವ್ಯತ್ಯಾಸವೂ ಇದೆ. ಆದರೆ ಆ ವ್ಯತ್ಯಾಸವನ್ನು ಮಾರುವವರ ಇಂಪೆಲ್ಲರ್ ಡೆಮೊ ತೋರಿಸಲಾರದು. ಇಂಪೆಲ್ಲರ್‌ನಲ್ಲಿ ಹಬ್ ಯಾವುದು, ಬ್ಲೇಡ್ ಯಾವುದು ಎಂದು ಮೊದಲೇ ಗೊತ್ತು. ಒಂದು ಬ್ಲೇಡಿಗೆ ಬರೆದದ್ದನ್ನು ಸುತ್ತ ತಿರುಗಿಸಿ ನಕಲಿಸಿದರೆ ಮುಗಿಯಿತು. ಸಿಂಹದ ಬಾಯಿಗೆ ಅಂಥ ಸಿದ್ಧ ಅಚ್ಚು ಇಲ್ಲ. ಹೆಸರಿಲ್ಲದ ಮೇಲ್ಮೈಗಳ ನಡುವೆ ಕಟರ್‌ನ ಓರೆಯನ್ನು ಗೇಣು ಗೇಣಿಗೂ ಮನುಷ್ಯನೇ ನಿರ್ಧರಿಸಬೇಕು.

ಓರೆಯ ಮಾತು ಬಂದಾಗ ಬ್ಯಾರೆಲ್ ಕಟರ್ ಬಗ್ಗೆ ಹೇಳದಿರಲಾರೆ. ಈ ಕಸುಬಿನಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ವಸ್ತು ಇಲ್ಲ. ಎರಡು ಪಾಸ್‌ಗಳ ನಡುವೆ ಉಳಿಯುವ ದಿಣ್ಣೆಯ ಎತ್ತರವೆಂದರೆ, ಸ್ಟೆಪ್‌ಓವರ್‌ನ (ಒಂದು ಪಾಸಿನಿಂದ ಇನ್ನೊಂದಕ್ಕೆ ಸರಿಯುವ ದೂರದ) ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು. 10 ಮಿ.ಮೀ. ಬಾಲ್‌ನೋಸ್‌ನ ತ್ರಿಜ್ಯ 5. ದಿಣ್ಣೆ 0.005 ಮಿ.ಮೀ. ದಾಟಬಾರದೆಂದರೆ ಸಪಾಟು ಗೋಡೆಯ ಮೇಲೆ ಅದು ಒಂದು ಪಾಸಿಗೆ ಸುಮಾರು 0.45 ಮಿ.ಮೀ. ಸರಿಯಬಲ್ಲದು. ಅಷ್ಟೇ ದಪ್ಪದ, ಬದಿ 100 ಮಿ.ಮೀ. ತ್ರಿಜ್ಯಕ್ಕೆ ಉಬ್ಬಿದ ಬ್ಯಾರೆಲ್ ಕಟರ್ ಅದೇ ನುಣುಪಿಗೆ 2 ಮಿ.ಮೀ. ಸರಿಯುತ್ತದೆ. 90 ಮಿ.ಮೀ. ಎತ್ತರದ ಗೋಡೆಗೆ 200 ಪಾಸ್‌ಗಳ ಬದಲು 45. ಮೇಲಾಗಿ ಬಾಲ್‌ನೋಸ್‌ನ ತುದಿಯಲ್ಲಿ ಕಟಿಂಗ್ ವೇಗ ಸೊನ್ನೆ. ನೇರ ನಿಲ್ಲಿಸಿದರೆ ಅದು ಲೋಹವನ್ನು ಕಡಿಯದೆ ಉಜ್ಜುತ್ತದೆ. ಬ್ಯಾರೆಲ್ ಕಟರ್ ಬದಿಯಿಂದ ಕಡಿಯುವುದರಿಂದ ಆ ಪೀಡೆಯೇ ಇಲ್ಲ. ತಗ್ಗಿನ ತ್ರಿಜ್ಯ 100ಕ್ಕಿಂತ ಕಡಿಮೆಯಿರುವ ಕಡೆ ಅದು ಕೂರುವುದಿಲ್ಲ, ನಿಜ. ಇನ್ನೊಂದು ಷರತ್ತೂ ಇದೆ: ಓರೆ ಒಂದು ಡಿಗ್ರಿ ತಪ್ಪಿದರೆ ಕಟರ್ ತಾಗುವ ಜಾಗ ಬದಿಯುದ್ದಕ್ಕೂ 1.7 ಮಿ.ಮೀ. ಜರುಗುತ್ತದೆ. ಪರದೆಯ ಮೇಲೆ ಬರೆದ ಓರೆ ಮೆಷಿನ್ನಿನಲ್ಲೂ ಅದೇ ಓರೆಯಾಗಿ ಇಳಿಯಬೇಕು. ಇಳಿಸುವ ಕೆಲಸ ಪೋಸ್ಟಿನದು.

ಈಗಿನ ಕಂಟ್ರೋಲರ್‌ಗಳೇ ಅದನ್ನು ನೋಡಿಕೊಳ್ಳುತ್ತವಲ್ಲ ಎಂದು ಆಕ್ಷೇಪ ಬರುತ್ತದೆ. ಫಾನುಕ್‌ನಲ್ಲಿ ಜಿ43.4, ಸೀಮೆನ್ಸ್‌ನಲ್ಲಿ ಟ್ರಾಓರಿ ಹಾಕಿದರೆ ಕಟರ್‌ನ ತುದಿ ಎಲ್ಲಿರಬೇಕೋ ಅಲ್ಲಿರುತ್ತದೆ. ಒಪ್ಪುತ್ತೇನೆ, ತುದಿಯ ಲೆಕ್ಕ ಕಂಟ್ರೋಲರ್‌ನದು. ಆದರೆ ಒಂದೇ ಓರೆಯನ್ನು ಎ ಮತ್ತು ಸಿ ಎಂಬ ತಿರುಗುವ ಅಕ್ಷಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಮುಟ್ಟಬಲ್ಲವು. ಯಾವುದನ್ನು ಆರಿಸಬೇಕು, ಎ ಅಕ್ಷದ ಮಿತಿ ಮುಗಿದಾಗ ಕಟರ್ ಎಲ್ಲಿಗೆ ಹಿಂದೆ ಸರಿಯಬೇಕು, ಮತ್ತೆ ಎಲ್ಲಿ ಇಳಿಯಬೇಕು ಎಂಬುದು ಪೋಸ್ಟ್ ಬರೆದವರ ವಿವೇಕ. ಕಟರ್ ಸಿ ಅಕ್ಷಕ್ಕೆ ಹೆಚ್ಚುಕಡಿಮೆ ಸಮಾನಾಂತರವಾದಾಗ ಓರೆಯಲ್ಲಿ ಕೂದಲೆಳೆಯ ಬದಲಾವಣೆಗೂ ಟೇಬಲ್ 180 ಡಿಗ್ರಿ ಗಿರಕಿ ಹೊಡೆಯಬೇಕಾಗಬಹುದು. ಅಷ್ಟು ಹೊತ್ತು ಕಟರ್ ನಿಂತಲ್ಲೇ ತಿರುಗಿ ಜಾಬಿನ ಮೇಲೆ ಕಲೆ ಬಿಡುತ್ತದೆ. ಇನ್ನು ಸಿಮ್ಯುಲೇಶನ್ ಎಲ್ಲ ಹಿಡಿಯುತ್ತದೆ ಎನ್ನುವವರಿಗೆ: ಪೋಸ್ಟ್ ಆಗುವ ಮೊದಲಿನ ಟೂಲ್‌ಪಾತನ್ನು ಆಡಿಸಿ ತೋರಿಸುವ ಸಿಮ್ಯುಲೇಶನ್, ಪೋಸ್ಟ್ ಮಾಡಿದ ತಪ್ಪನ್ನು ಹೇಗೆ ಹಿಡಿದೀತು? ಮೆಷಿನ್ನಿಗೆ ಹೋಗುವ ಕೋಡನ್ನೇ ಓದುವ ವೆರಿಕಟ್‌ನಂಥದು ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಂಕೊನೆಲ್ ದಿಮ್ಮಿಯ ಮೇಲೆ ನಾಲ್ಕು ದಿನ ಮಾಡಿದ ಕೆಲಸ ಹಾಳಾಗಲು ಒಂದು ಸಲ ಹೋಲ್ಡರ್ ತಾಗಿದರೆ ಸಾಕು.

ನಿಜಕ್ಕೂ ಸಿಟ್ಟು ಬರುವುದು ಐದೂ ಅಕ್ಷಗಳನ್ನು ಒಟ್ಟಿಗೆ ಕುಣಿಸುವುದೇ ಜಾಣತನ ಎಂದು ನಂಬಿಸುವವರ ಮೇಲೆ. ಬಹುಪಾಲು ಕಷ್ಟದ ಜಾಬುಗಳಿಗೆ 3+2 ಸಾಕು: ಎರಡು ತಿರುಗುವ ಅಕ್ಷಗಳನ್ನು ಒಂದು ಕೋನದಲ್ಲಿ ಬಿಗಿದು ಉಳಿದ ಮೂರರಿಂದ ಕಡಿಯುವುದು. ಬಿಗಿದ ಅಕ್ಷ ಅಲುಗುವುದಿಲ್ಲ, ಓರೆ ಹಿಡಿದ ಕಟರನ್ನು ಗಿಡ್ಡ ಇಡಬಹುದು, ರಫಿಂಗ್ ಧೈರ್ಯವಾಗಿ ಮಾಡಬಹುದು. ಪರದೆಯ ಮೇಲೆ ನೃತ್ಯದಂತೆ ಕಾಣುತ್ತದೆಂದು ಪಾಕೆಟ್ಟಿನ ಸಪಾಟು ತಳಕ್ಕೂ ಐದು ಅಕ್ಷ ಹಚ್ಚಿ, ಅದಕ್ಕೆಂದೇ ದುಬಾರಿ ಮಾಡ್ಯೂಲ್ ಮಾರುವುದು ಸಣ್ಣ ವರ್ಕ್‌ಶಾಪಿನ ಸಾಲದ ಹಣವನ್ನು ವ್ಯರ್ಥ ಮಾಡಿಸಿದಂತೆ. ಹಲ್ಲಿನ ಹಿಂಬದಿಗೆ ಐದು ಅಕ್ಷ ಇರಲಿ, ದವಡೆಯ ಉಳಿದ ಭಾಗಕ್ಕೆ ಬೇಡ.

ಆದ್ದರಿಂದ ಕೊಳ್ಳುವವರಲ್ಲಿ ಒಂದು ಕೋರಿಕೆ. ಮಾರುವವರ ಇಂಪೆಲ್ಲರ್ ಬದಿಗಿಡಿ, ನಿಮ್ಮ ಅತಿ ಕಷ್ಟದ ಜಾಬಿನ ಮಾಡೆಲ್ ಕೊಡಿ. ನಿಮ್ಮದೇ ಮೆಷಿನ್ನಿಗೆ ಪೋಸ್ಟ್ ಮಾಡಿಸಿ, ಜಾಬ್ ಕಟ್ಟದೆ ಖಾಲಿ ಟೇಬಲ್ ಮೇಲೆ ಪ್ರೋಗ್ರಾಂ ಓಡಿಸಿ, ಸಿ ಅಕ್ಷ ಎಲ್ಲಿ ಗಿರಕಿ ಹೊಡೆಯುತ್ತದೆಂದು ನಿಂತು ನೋಡಿ. ಆ ಪೋಸ್ಟ್ ತಿದ್ದುವವರು ಯಾರು, ಎಷ್ಟು ದಿನದಲ್ಲಿ ತಿದ್ದುತ್ತಾರೆ ಎಂದು ಬರೆಸಿಕೊಳ್ಳಿ. ಚೆಕ್ ಬರೆಯುವುದು ಆಮೇಲೆ.